ಆಂಡ್ರಾಯ್ಡ್ ಕಸುಬಿನಲ್ಲಿ ಮುಕ್ತ ಸಂಕೇತದ ಪಾತ್ರ

ಮೊಬೈಲ್ ಆ್ಯಪ್‌ಗಳ ರಚನೆ ವ್ಯಾಪಕವಾದ ಕಸುಬಾಗಿ ಬೆಳೆದದ್ದು, 2008ರ ಜುಲೈನಲ್ಲಿ ಆಪಲ್‌ನ ಆ್ಯಪ್ ಸ್ಟೋರ್, ಅಕ್ಟೋಬರ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ತೆರೆದ ಬಳಿಕ. ಗೂಗಲ್ ತನ್ನ ಮೊಬೈಲ್ ಕಾರ್ಯಾಚರಣಾ ವ್ಯವಸ್ಥೆಯಾದ ಆಂಡ್ರಾಯ್ಡ್‌ನ ಮೂಲ ಸಂಕೇತವನ್ನು, ಅಂದರೆ ತಂತ್ರಾಂಶದ ಬರಹವನ್ನೇ, ಬಹುಮಟ್ಟಿಗೆ ಅಪಾಚೆ ಪರವಾನಗಿಯಡಿ ಬಹಿರಂಗಪಡಿಸಿತು. ಹಕ್ಕುಸ್ವಾಮ್ಯದ ಸೂಚನೆಗಳನ್ನು ಉಳಿಸಿಕೊಂಡು ಯಾರು ಬೇಕಾದರೂ ಅದನ್ನು ತಿದ್ದಿ, ಮಾರಾಟದ ಉತ್ಪನ್ನದಲ್ಲಿಯೂ ಬಳಸಬಹುದೆಂಬುದು ಈ ಪರವಾನಗಿಯ ತಿರುಳು. ಆದರೆ ಹೊಸ ಆವೃತ್ತಿಗಳನ್ನು ಹಳೆಯ ಫೋನ್‌ಗಳಿಗೆ ತಲುಪಿಸುವುದರಲ್ಲಿ ತಯಾರಕರು ಹಿಂದೆ ಬಿದ್ದುದರಿಂದ, 2012ರ 4.1ನೇ ಆವೃತ್ತಿಯಲ್ಲಿ ಬಂದ ಕನ್ನಡ ಲಿಪಿಯ ಬೆಂಬಲದಂಥ ಸೌಲಭ್ಯಗಳೂ ಎಲ್ಲರಿಗೂ ಒಮ್ಮೆಗೇ ದಕ್ಕಲಿಲ್ಲ. ಹಲವು ಆವೃತ್ತಿಗಳ ಮೇಲೆ ಒಂದೇ ಆ್ಯಪ್ ನಡೆಯುವಂತೆ ಮಾಡುವ ಹೊಣೆ ಅದನ್ನು ಬರೆಯುವವರ ಪಾಲಿಗೆ ಬಂತು.

ಈ ಅಂತರವನ್ನು ತುಂಬಿದ್ದು ಬಹುಪಾಲು ಲೈಬ್ರರಿಗಳು, ಅಂದರೆ ಇತರ ಆ್ಯಪ್‌ಗಳು ತಮ್ಮೊಳಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಸಂಕೇತದ ಸಮೂಹಗಳು. 2011ರ 3.0ನೇ ಆವೃತ್ತಿ ಪರದೆಯ ಮೇಲ್ಭಾಗದಲ್ಲಿ 'ಆ್ಯಕ್ಷನ್ ಬಾರ್' ಎಂಬ ಆದೇಶಗಳ ಪಟ್ಟಿಯನ್ನು ತಂದಾಗ, ಅಮೆರಿಕದ ಜೇಕ್ ವಾರ್ಟನ್ ಅದನ್ನು ಹಳೆಯ ಫೋನ್‌ಗಳಿಗೂ ಒದಗಿಸುವ 'ಆ್ಯಕ್ಷನ್‌ಬಾರ್ ಶೆರ್ಲಾಕ್' ಲೈಬ್ರರಿಯನ್ನು ಅದೇ ವರ್ಷ ಹೊರತಂದರು. ಗೂಗಲ್ 3.0ರ ಸಂಕೇತವನ್ನು ಮೊದಲು ತಡೆಹಿಡಿದು, ನವೆಂಬರ್‌ನಲ್ಲಿ 4.0ರೊಂದಿಗೆ ಬಿಡುಗಡೆ ಮಾಡಿದ ಮೇಲೆ, ಆ ಸಂಕೇತವನ್ನೇ ಆಧರಿಸಿ ಲೈಬ್ರರಿ ಮರುರೂಪ ಪಡೆಯಿತು. ಹೊಸ ಫೋನಿನಲ್ಲಿ ಅಲ್ಲಿಯದೇ ಪಟ್ಟಿಯನ್ನೂ ಹಳೆಯದರಲ್ಲಿ ತನ್ನದನ್ನೂ ಬಳಸುವುದು ಅದರ ಕ್ರಮ.

ಬಹಿರಂಗವಾಗಿ ನಡೆದ ಇಂಥ ಕೆಲಸ ವೃತ್ತಿಯ ಮೆಟ್ಟಿಲೂ ಆಯಿತು. ಸಂಕೇತ ಹಂಚಿಕೆಯ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಇಟ್ಟದ್ದನ್ನು ಯಾರು ಬೇಕಾದರೂ ಓದಿ, ದೋಷ ತೋರಿಸಿ, ತಿದ್ದುಪಡಿ ಕಳುಹಿಸಬಹುದಾದ್ದರಿಂದ, ಕಸುಬುದಾರನ ವಿನ್ಯಾಸದ ವಿವೇಕ, ಪರೀಕ್ಷೆಯ ಶಿಸ್ತು, ವಿವರಣೆಯ ಸ್ಪಷ್ಟತೆಗಳು ಅಲ್ಲಿ ನೇರವಾಗಿ ಕಾಣುತ್ತಿದ್ದವು. ವಾರ್ಟನ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಪಾವತಿ ಸಂಸ್ಥೆ ಸ್ಕ್ವೇರ್‌ನಲ್ಲಿ, ಬಳಿಕ 2017ರಲ್ಲಿ ಗೂಗಲ್‌ನಲ್ಲಿ ಕೆಲಸ ಮಾಡಿದರು. ಸ್ಕ್ವೇರ್ ತನ್ನ ಆ್ಯಪ್‌ಗಳಿಗಾಗಿ ರೂಪಿಸಿದ, ಅಂತರ್ಜಾಲದಿಂದ ಮಾಹಿತಿ ತರುವ ಓಕೆಎಚ್‌ಟಿಟಿಪಿ ಮತ್ತು ರೆಟ್ರೋಫಿಟ್ ಲೈಬ್ರರಿಗಳನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು.

ಕಾಲಕ್ರಮದಲ್ಲಿ ಹೊರಗಿನವರ ಕೆಲಸವನ್ನು ಆಂಡ್ರಾಯ್ಡ್ ತನ್ನೊಳಗೆ ಸೇರಿಸಿಕೊಂಡಿತು, ಇಲ್ಲವೇ ಅದಕ್ಕೆ ಸಮಾನವಾದುದನ್ನು ತಾನೇ ಒದಗಿಸಿತು. 2013ರಲ್ಲಿ ಗೂಗಲ್‌ನ ಆ್ಯಪ್‌ಕಾಂಪ್ಯಾಟ್ ಲೈಬ್ರರಿ ಹಳೆಯ ಫೋನ್‌ಗಳಿಗೆ ಆ್ಯಕ್ಷನ್ ಬಾರ್ ಕೊಟ್ಟಾಗ ಶೆರ್ಲಾಕ್‌ನ ಅಗತ್ಯ ತೀರಿತು. ಅದೇ ವರ್ಷದ 4.4ನೇ ಆವೃತ್ತಿ ತನ್ನ ಅಂತರ್ಜಾಲ ಸಂಪರ್ಕದ ವ್ಯವಸ್ಥೆಯೊಳಗೇ ಓಕೆಎಚ್‌ಟಿಟಿಪಿಯನ್ನು ಅಳವಡಿಸಿಕೊಂಡಿತು. ಪರದೆಯ ಅಂಗಗಳನ್ನು ಸಂಕೇತದೊಂದಿಗೆ ಜೋಡಿಸುತ್ತಿದ್ದ ವಾರ್ಟನ್ನರದೇ 'ಬಟರ್‌ನೈಫ್', ಗೂಗಲ್‌ನ 'ವ್ಯೂ ಬೈಂಡಿಂಗ್' ಬಂದ ಮೇಲೆ ನಿವೃತ್ತವಾಯಿತು; ಬಳಕೆದಾರರನ್ನು ಹೊಸದರತ್ತ ಕಳುಹಿಸುವ ಸೂಚನೆ ಅದರ ಪುಟದಲ್ಲಿಯೇ ಸೇರಿತು. ಲೈಬ್ರರಿಗಳಿಗೆ ಅಲ್ಪಾಯುಷ್ಯವಾದರೂ, ಆಂಡ್ರಾಯ್ಡ್‌ನಲ್ಲಿ ಏನು ಕೊರತೆಯಿದೆ ಎಂಬುದನ್ನು ಅದರ ತಯಾರಕರಿಗೆ ತೋರಿಸಿಕೊಟ್ಟದ್ದು ಈ ಕಸುಬುದಾರರೇ.