ವೇದಿಕೆ ಯಾರದು? — ಸಾಧಾರಣ ಬ್ರಾಹ್ಮಸಮಾಜದ ಕಥೆ

ನಮ್ಮ ಊರುಗಳಲ್ಲಿ ರಾಮೋತ್ಸವಕ್ಕೊಂದು ಮಂಡಲಿ, ಗಣೇಶೋತ್ಸವಕ್ಕೊಂದು ಸಂಘ ಏರ್ಪಡುವುದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕೆ ಅಧ್ಯಕ್ಷರಿರುತ್ತಾರೆ, ಕಾರ್ಯದರ್ಶಿಗಳಿರುತ್ತಾರೆ, ಖಜಾಂಚಿಯೊಬ್ಬರು ಲೆಕ್ಕವನ್ನು ಬರೆದಿಡುತ್ತಾರೆ. ಆದರೆ ಈ ಮಂಡಲಿಗಳ ಅಧಿಕಾರವು ಚಪ್ಪರ, ಪಾನಕ, ಕೋಸಂಬರಿ, ಸಂಗೀತ ಕಚೇರಿ ಇಷ್ಟನ್ನು ದಾಟಿ ಹೋಗುವುದಿಲ್ಲ. ಪೂಜೆ ಹೇಗೆ ನಡೆಯಬೇಕು, ಉಪದೇಶ ಮಾಡತಕ್ಕವರು ಯಾರು, ಯಾವುದು ಧರ್ಮ, ಯಾವುದು ಅಲ್ಲ ಎಂಬ ಪ್ರಶ್ನೆಗಳನ್ನು ಯಾವ ಮಂಡಲಿಯೂ ವೋಟಿಗೆ ಹಾಕುವುದಿಲ್ಲ. ಅವನ್ನು ಶಾಸ್ತ್ರಕ್ಕೋ ಗುರುಪೀಠಕ್ಕೋ ಬಿಟ್ಟು ನಾವು ನಿಶ್ಚಿಂತರಾಗಿರುತ್ತೇವೆ. ಈ ಪ್ರಶ್ನೆಗಳನ್ನೂ ಸದಸ್ಯರ ಸಭೆಯೇ ಇತ್ಯರ್ಥಮಾಡಬೇಕೆಂದು ಹೊರಟ ಒಂದು ಉಪಾಸಕ ಸಮುದಾಯದ ಚರಿತ್ರೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅದು 1878ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸಾಧಾರಣ ಬ್ರಾಹ್ಮಸಮಾಜ.

ಬ್ರಾಹ್ಮಸಮಾಜದ ಮೂಲ ಇನ್ನೂ ಹಿಂದಿನದು. ರಾಜಾ ರಾಮಮೋಹನರಾಯರು 1828ರಲ್ಲಿ ಅದನ್ನು ಆರಂಭಿಸಿದರು. 1830ರಲ್ಲಿ ಅದಕ್ಕೊಂದು ಸ್ವಂತ ಕಟ್ಟಡವನ್ನು ಕಟ್ಟಿಸಿ, ಒಂದು ನಿಧಿಪತ್ರವನ್ನೂ ಬರೆಯಿಸಿದರು. ಜಾತಿ ಮತಗಳ ಭೇದವಿಲ್ಲದೆ ಸಭ್ಯವಾಗಿ ನಡೆದುಕೊಳ್ಳುವ ಯಾರೇ ಆಗಲಿ ಅಲ್ಲಿಗೆ ಬಂದು ಏಕೇಶ್ವರನನ್ನು ಪ್ರಾರ್ಥಿಸಬಹುದೆಂದು ಆ ಪತ್ರದ ಅಭಿಪ್ರಾಯ. ಬಾಗಿಲೇನೋ ಎಲ್ಲರಿಗೂ ತೆರೆಯಿತು. ಆದರೆ ಒಳಗಿನ ಆಡಳಿತ ಯಾರದೆಂಬ ಮಾತು ಆಗ ಯಾರಿಗೂ ಮುಖ್ಯವಾಗಿ ತೋರಲಿಲ್ಲ. ರಾಮಮೋಹನರು 1833ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕಾಲವಾದರು. ಅನಂತರ ಮಹರ್ಷಿ ದೇವೇಂದ್ರನಾಥ ಠಾಕೂರರು ಕ್ಷೀಣಿಸಿದ್ದ ಸಮಾಜಕ್ಕೆ ಪ್ರಾಣ ಕೊಟ್ಟರು; ಅವರ ಮಾತೇ ಅಲ್ಲಿ ಕಟ್ಟಳೆಯಾಯಿತು. ಕೇಶವಚಂದ್ರ ಸೇನರು ತರುಣರನ್ನು ಕೂಡಿಕೊಂಡು 1866ರಲ್ಲಿ ಅವರಿಂದ ಬೇರೆಯಾಗಿ ಭಾರತವರ್ಷೀಯ ಬ್ರಾಹ್ಮಸಮಾಜವನ್ನು ಸ್ಥಾಪಿಸಿದರು. ವೇದಿಕೆಯ ಮೇಲೆ ಕುಳಿತು ಉಪಾಸನೆ ನಡೆಸುವವರು ಯಜ್ಞೋಪವೀತವನ್ನು ಧರಿಸಿರಬಹುದೆ ಎಂಬುದು ಆ ಜಗಳದ ಒಂದು ಮುಖ್ಯ ಕಾರಣ. ವಿನೋದವೆಂದರೆ, ಒಬ್ಬರ ಏಕಾಧಿಪತ್ಯವನ್ನು ಒಲ್ಲದೆ ಹೊರಬಂದ ತರುಣರು ಇನ್ನೊಬ್ಬರ ಏಕಾಧಿಪತ್ಯಕ್ಕೆ ಹನ್ನೆರಡು ವರ್ಷ ಸಂತೋಷದಿಂದಲೇ ಒಳಪಟ್ಟರು.

ಕೇಶವರನ್ನು ಇಲ್ಲಿ ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಅವರ ವಾಗ್ಮಿತೆ ಅಸಾಧಾರಣವಾದುದು. ಅಂತರ್ಜಾತೀಯ ವಿವಾಹಗಳಿಗೆ ಕಾನೂನಿನ ಆಧಾರ ಬೇಕೆಂದು ಹೋರಾಡಿ 1872ರ ವಿವಾಹ ಶಾಸನವನ್ನು ಪಡೆದವರಲ್ಲಿ ಅವರು ಮೊದಲಿಗರು. ಆ ಶಾಸನದಂತೆ ವಧುವಿಗೆ 14, ವರನಿಗೆ 18 ವರ್ಷ ತುಂಬಿರಬೇಕು. ಆದರೆ ಕೇಶವರು ಕ್ರಮೇಣ ತಮಗೆ ಈಶ್ವರನ ನೇರವಾದ ‘ಆದೇಶ’ ದೊರೆಯುವುದೆಂದು ಹೇಳತೊಡಗಿದರು. ಆದೇಶ ಬಂದಮೇಲೆ ಸಭೆ ಸೇರಿಸಿ ಚರ್ಚಿಸುವುದೇತಕ್ಕೆ? ಚಂದಾಹಣದಿಂದ ಕಟ್ಟಿ 1869ರಲ್ಲಿ ತೆರೆದ ಮಂದಿರಕ್ಕೆ ನಿಧಿಪಾಲಕರನ್ನು ನೇಮಿಸಿ, ಅದನ್ನು ಸಮುದಾಯದ ಸ್ವತ್ತಾಗಿ ಮಾಡಬೇಕೆಂದು ಕೆಲವರು ಕೇಳುತ್ತಲೇ ಇದ್ದರು. ಇನ್ನು ಕೆಲವರು, ಸ್ತ್ರೀಯರು ಪರದೆಯ ಹಿಂದೆಯೇ ಏಕೆ ಕುಳಿತಿರಬೇಕೆಂದು ಕೇಳಿದರು. ಬರಿದೆ ಕೇಳಿ ಸುಮ್ಮನಾಗದೆ, ದುರ್ಗಾಮೋಹನ ದಾಸರೂ ಅನ್ನದಾಚರಣ ಖಾಸ್ತಗೀರರೂ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕರೆತಂದು ಪರದೆಯ ಹೊರಗೆ ಕೂರಿಸಿಯೇಬಿಟ್ಟರು.

ಹೀಗೆ ಒಳಗೊಳಗೆ ಕುದಿಯುತ್ತಿದ್ದುದು 1878ನೆಯ ಇಸವಿ ಮಾರ್ಚ್ 6ರಂದು ಉಕ್ಕಿತು. ಅಂದು ಕೇಶವರ ಮಗಳು ಸುನೀತಿದೇವಿಗೂ ಕೂಚ್ ಬಿಹಾರದ ಮಹಾರಾಜ ನೃಪೇಂದ್ರನಾರಾಯಣರಿಗೂ ವಿವಾಹವಾಯಿತು. ವಧುವಿಗೆ 14 ತುಂಬಿರಲಿಲ್ಲ. ವರನಿಗೆ 15 ವರ್ಷ. ಕೂಚ್ ಬಿಹಾರ ದೇಶೀಯ ಸಂಸ್ಥಾನವಾದುದರಿಂದ 1872ರ ಶಾಸನ ಅಲ್ಲಿಗೆ ತಗಲುತ್ತಿರಲಿಲ್ಲ. ನ್ಯಾಯವಾದಿಗಳ ದೃಷ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಬೇರೆಯವರ ಮನೆಗೆ ಹಾಕಿದ ಅಳತೆಯನ್ನು ಆಚಾರ್ಯರು ತಮ್ಮ ಮನೆಗೆ ಹಾಕಿಕೊಳ್ಳಲಿಲ್ಲವೆಂಬ ನೋವನ್ನು ಕಾನೂನಿನ ಅಂಶ ಅಳಿಸಬಲ್ಲುದೆ? ಮದುವೆಗೆ ಮೊದಲೇ ಬರೆದ ಪ್ರತಿಭಟನೆಯ ಪತ್ರಗಳಿಗೆ ಸರಿಯಾದ ಉತ್ತರ ಬರಲಿಲ್ಲ. ಮದುವೆಯಾದಮೇಲೆ, ಅದು ಈಶ್ವರನ ಆದೇಶವೆಂಬ ಉತ್ತರ ಬಂದಿತು.

ಆ ತಿಂಗಳ ಕೊನೆಯ ದಿನಗಳ ವೃತ್ತಾಂತವನ್ನು ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಮಂದಿರದಲ್ಲಿ ಸಭೆ ಸೇರಿತು. ಕೇಶವರನ್ನು ಆಚಾರ್ಯಪದವಿಯಿಂದ ತೆಗೆಯಬೇಕೆಂದು ಪ್ರತಿಭಟಿಸಿದವರು ನಿರ್ಣಯ ಮಾಡಿದರು. ಕೇಶವರ ಪಕ್ಷದವರು ಅದನ್ನು ಒಪ್ಪಲಿಲ್ಲ. ಮುಂದಿನ ಉಪಾಸನೆಯ ಹೊತ್ತಿಗೆ ವೇದಿಕೆ ಯಾರದೆಂಬ ವ್ಯಾಜ್ಯ ಬಲಾಬಲಕ್ಕೆ ಇಳಿಯಿತು, ಪೋಲೀಸಿನವರೂ ಬಂದರು. ಅರ್ಧಶತಮಾನದಿಂದ ವಿಶ್ವಬಂಧುತ್ವದ ಪ್ರಾರ್ಥನೆ ಮಾಡುತ್ತಿದ್ದ ಜನರ ನಡುವೆ ಶಾಂತಿಯನ್ನು ಕಾಪಾಡುವುದಕ್ಕೆ ಕಾನ್ಸ್ಟೇಬಲುಗಳು ಬೇಕಾದರು! ಮಂದಿರ ಕೇಶವರ ಪಕ್ಷಕ್ಕೆ ಉಳಿಯಿತು. ಹಣ ಕೊಟ್ಟು ಕಟ್ಟಿದವರಲ್ಲಿ ಬಹುಮಂದಿ ಬೀದಿಯಲ್ಲಿ ನಿಂತರು.

ಹೀಗೆ ಬೀದಿಯಲ್ಲಿ ನಿಂತವರು ಆ ವರ್ಷದ ಮೇ 15ರಂದು ಕಲ್ಕತ್ತೆಯ ಪುರಭವನದಲ್ಲಿ ಸಭೆ ಸೇರಿ ಹೊಸ ಸಮಾಜವನ್ನು ಸ್ಥಾಪಿಸಿದರು. ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಪದವಿಯನ್ನು ಪಡೆದ ಮೊದಲನೆಯ ಭಾರತೀಯರಾದ ಆನಂದಮೋಹನ ಬೋಸರು ಅಧ್ಯಕ್ಷರಾದರು. ವೃದ್ಧರಾದ ಶಿವಚಂದ್ರ ದೇವರು ಕಾರ್ಯದರ್ಶಿಗಳಾದರು. ಹಳೆಯ ಮಹರ್ಷಿಗಳು ಆಶೀರ್ವಾದಪತ್ರವನ್ನು ಕಳುಹಿಸಿದರು. ಸಂಸ್ಕೃತ ಪಂಡಿತರಾದ ಶಿವನಾಥ ಶಾಸ್ತ್ರಿಗಳು ಸರ್ಕಾರದ ಉಪಾಧ್ಯಾಯ ಹುದ್ದೆಯನ್ನು ಬಿಟ್ಟು ಸಮಾಜದ ಕೆಲಸಕ್ಕೆ ನಿಂತರು. ‘ಸಾಧಾರಣ’ ಎಂಬ ಹೆಸರನ್ನು ಗಮನಿಸಬೇಕು. ಕನ್ನಡದಲ್ಲಿ ನಾವು ಸಾಧಾರಣವೆಂದರೆ ಅಷ್ಟೇನೂ ಹೆಚ್ಚಿನದಲ್ಲವೆಂದು ಅರ್ಥಮಾಡುತ್ತೇವೆ; ಅಲ್ಲಿ ಅದರ ಅರ್ಥ, ಎಲ್ಲರಿಗೂ ಸೇರಿದ್ದು, ಸಾರ್ವಜನಿಕವಾದುದು ಎಂದು.

ಅವರು ಮಾಡಿಕೊಂಡ ಏರ್ಪಾಡು ಇಂದು ನಮಗೆ ಹೊಸದೆನಿಸದು. ಚಂದಾ ಕೊಡುವ ಸದಸ್ಯರು, ಗಂಡಸರಾಗಲಿ ಹೆಂಗಸರಾಗಲಿ, ವರ್ಷಕ್ಕೊಮ್ಮೆ ಸೇರಿ ಅಧಿಕಾರಿಗಳನ್ನು ಚುನಾಯಿಸುವುದು. ಒಂದು ಸಾಧಾರಣ ಸಭೆ, ಅದಕ್ಕೆ ಉತ್ತರವಾದಿಯಾದ ಒಂದು ಕಾರ್ಯನಿರ್ವಾಹಕ ಸಭೆ. ಹೊರ ಊರುಗಳ ಸಮಾಜಗಳಿಂದ ಪ್ರತಿನಿಧಿಗಳು. ಪ್ರಚಾರಕರ ನೇಮಕವೂ ಅವರ ಮೇಲ್ವಿಚಾರಣೆಯೂ ಸಭೆಯ ಕೈಯಲ್ಲಿ. ಭಾರತದಲ್ಲಿ ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ ಏಳು ವರ್ಷಗಳಿದ್ದುವು. ಶಾಸನಸಭೆಗೆ ಒಬ್ಬ ಪ್ರತಿನಿಧಿಯನ್ನು ಆರಿಸುವ ಅಧಿಕಾರವಿಲ್ಲದಿದ್ದ ಜನರು ತಮ್ಮ ದೇವಮಂದಿರದಲ್ಲಿ ಪ್ರತಿನಿಧಿಗಳನ್ನು ಆರಿಸಿದರು. ಪ್ರತಿನಿಧಿ ಆಡಳಿತದ ಪಾಠವನ್ನು ನಾವು ಪುಸ್ತಕದಿಂದ ಕಲಿತೆವೆಂದು ಹೇಳುವವರು ಈ ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು.

ಕೆಲಸವೂ ಬೇಗ ಕೈಗೂಡಿತು. 1879ರಲ್ಲಿ ಸಿಟಿ ಸ್ಕೂಲ್ ತೆರೆಯಿತು, ಎರಡು ವರ್ಷಗಳಲ್ಲಿ ಅದು ಕಾಲೇಜಾಯಿತು. ಅದೇ 1879ರಲ್ಲಿ ಅಡಿಗಲ್ಲಿಟ್ಟ ಕಾರ್ನ್‌ವಾಲಿಸ್ ಬೀದಿಯ ಮಂದಿರ 1881ರ ಮಾಘೋತ್ಸವದ ಹೊತ್ತಿಗೆ ಸಿದ್ಧವಾಯಿತು. ಆ ಬೀದಿಗೆ ಈಗ ವಿಧಾನ ಸರಣಿಯೆಂದು ಹೆಸರು. 1890ರಲ್ಲಿ ಬಾಲಿಕೆಯರ ಪಾಠಶಾಲೆ. ಇವೆಲ್ಲ ವರದಿಗಳಲ್ಲಿ ಬರುವ ವಿಷಯ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಬೇರೊಂದು. ರಾಮಕುಮಾರ ವಿದ್ಯಾರತ್ನರೆಂಬ ಪ್ರಚಾರಕರು ಧರ್ಮಪ್ರಚಾರಕ್ಕೆಂದು ಅಸ್ಸಾಮಿಗೆ ಹೋದರು; ಅಲ್ಲಿ ಚಹದ ತೋಟಗಳ ಕೂಲಿಗಳ ದುಃಸ್ಥಿತಿಯನ್ನು ಕಂಡು, ಉಪದೇಶವನ್ನು ಒತ್ತಟ್ಟಿಗಿಟ್ಟು ಅದನ್ನು ಕುರಿತು ಬರೆದರು. ಸಮಾಜದ ಮತ್ತೊಬ್ಬ ಮುಂದಾಳು ದ್ವಾರಕಾನಾಥ ಗಂಗೂಲಿಯವರು ತಾವೂ ಅಲ್ಲಿಗೆ ಹೋಗಿ ವಿಚಾರಿಸಿ, ಆ ಸಂಗತಿಗಳನ್ನು ಪತ್ರಿಕೆಗಳಲ್ಲಿ ಹೊರಗೆಡಹಿದರು. ಪರದೆಯ ವಿಷಯಕ್ಕೆ ಜಗಳವಾಡಿದ ಜನವೇ ಇದು. ಗಂಗೂಲಿಯವರ ಪತ್ನಿ ಕಾದಂಬಿನಿದೇವಿಯವರು ನಮ್ಮ ದೇಶದ ಮೊದಲ ಸ್ತ್ರೀ ಪದವೀಧರರಿಬ್ಬರಲ್ಲಿ ಒಬ್ಬರು, ವೈದ್ಯರೂ ಹೌದು.

ಆದರೆ ಭಕ್ತಿಗೂ ಬಹುಮತಕ್ಕೂ ಸ್ನೇಹ ಸುಲಭವಲ್ಲ. ವಿಜಯಕೃಷ್ಣ ಗೋಸ್ವಾಮಿಗಳು ಸಮಾಜದ ಪ್ರಚಾರಕರಲ್ಲೆಲ್ಲ ಹೆಚ್ಚು ಪ್ರೀತಿಪಾತ್ರರು. ಅವರ ಮನಸ್ಸು ಬರಬರುತ್ತ ಗುರುದೀಕ್ಷೆ, ನಾಮಜಪ, ವೈಷ್ಣವ ಸಾಧನೆಗಳ ಕಡೆಗೆ ತಿರುಗಿತು. ಸಭೆಗೆ ಅದು ಇಕ್ಕಟ್ಟಿನ ಪ್ರಶ್ನೆಯಾಯಿತು. ಅಂತರಾತ್ಮಕ್ಕೆ ಸ್ವಾತಂತ್ರ್ಯವಿದೆಯೆಂದು ಸಾರಿದವರು ಅವರನ್ನು ತಡೆಯಬಹುದೆ? ತಡೆಯದಿದ್ದರೆ, ಗುರುವಿನ ಅಧಿಕಾರವನ್ನು ಒಲ್ಲದೆ ಕಟ್ಟಿದ ಮನೆಗೆ ಗುರುವೇ ಹಿತ್ತಿಲ ಬಾಗಿಲಿಂದ ಬಂದಂತಾಗಲಿಲ್ಲವೆ? ಕಾಗದಪತ್ರಗಳು ನಡೆದುವು, ಚರ್ಚೆ ನಡೆಯಿತು. 1886ರಲ್ಲಿ ಗೋಸ್ವಾಮಿಗಳು ಪ್ರಚಾರಕ ಪದವಿಯನ್ನು ಬಿಟ್ಟರು. ನಿಯಮದ ದೃಷ್ಟಿಯಿಂದ ಸಭೆಯದು ಸರಿಯೆಂದೇ ನನಗೆ ತೋರುತ್ತದೆ. ಆದರೂ ಅವರು ಹೋದಮೇಲೆ ಆ ಮಂದಿರದ ಕೀರ್ತನೆಯಲ್ಲಿ ಯಾವುದೋ ಒಂದು ಸ್ವರ ಕಡಮೆಯಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಹೆಸರು ಸಾಧಾರಣವಾದರೂ ಜನ ವಕೀಲರು, ಉಪಾಧ್ಯಾಯರು, ವೈದ್ಯರು. 1911ರ ಜನಗಣತಿಯಲ್ಲಿ ಬ್ರಾಹ್ಮರೆಂದು ಬರೆಯಿಸಿಕೊಂಡವರು ಇಡೀ ದೇಶದಲ್ಲಿ ಸುಮಾರು 5,500 ಮಂದಿ. ನಡವಳಿಕೆಯ ಪುಸ್ತಕವನ್ನು ಓದಬಲ್ಲವರಿಗೇ ಈ ಧರ್ಮರಾಜ್ಯದ ಪೌರತ್ವ ಸುಲಭವಾಗಿ ದೊರೆಯಿತು. ಕಲ್ಕತ್ತೆಗೆ ದೂರವಾದ ನಮ್ಮ ಮಂಗಳೂರಿನಲ್ಲಿ 1870ರಲ್ಲಿಯೇ ಒಂದು ಬ್ರಾಹ್ಮಸಮಾಜ ಏರ್ಪಟ್ಟಿತು. ಅದೂ ಕೈಬೆರಳೆಣಿಕೆಯ ಸಮಾಜವೇ. ಆದರೆ ಅದಕ್ಕೆ ಸೇರಿದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತವರ್ಗಗಳ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿ, ಜನ ಕಲ್ಲೆಸೆದರೂ ಬಿಡದೆ ಶಾಲೆಗಳನ್ನು ನಡೆಸಿದರು. ಸದಸ್ಯರ ಪಟ್ಟಿಯನ್ನು ಮಾತ್ರ ನೋಡಿ ಇಂಥ ಮಂಡಲಿಗಳನ್ನು ಅಳೆಯುವುದೂ ಸರಿಯಲ್ಲ.

ಕಡೆಯದಾಗಿ 1921ರ ಒಂದು ಪ್ರಸಂಗ. ರವೀಂದ್ರನಾಥ ಠಾಕೂರರನ್ನು ಸಮಾಜದ ಗೌರವ ಸದಸ್ಯರನ್ನಾಗಿ ಮಾಡಬೇಕೆಂದು ತರುಣರು ಸೂಚಿಸಿದರು. ಹಿರಿಯರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಕವಿಯು ದೇವೇಂದ್ರನಾಥರ ಹಳೆಯ ಶಾಖೆಗೆ ಸೇರಿದವರು. ಬ್ರಾಹ್ಮನು ಹಿಂದುವೇ ಎಂದು ಹೇಳಿದವರು. ಲೋಕವೆಲ್ಲ ಕೊಂಡಾಡುವ ಮನುಷ್ಯನೆಂಬ ಕಾರಣದಿಂದ ನಿಯಮವನ್ನು ಪಕ್ಕಕ್ಕಿಡಲು ಸಮಾಜ ಸಿದ್ಧವಿರಲಿಲ್ಲ. ವಿಷಯ ಸದಸ್ಯರ ವೋಟಿಗೆ ಹೋಯಿತು. ಮುಂದೆ ಸಂಖ್ಯಾಶಾಸ್ತ್ರಜ್ಞರೆಂದು ಹೆಸರಾದ ಪ್ರಶಾಂತಚಂದ್ರ ಮಹಲಾನೋಬಿಸರು ‘ರವೀಂದ್ರನಾಥರು ನಮಗೇಕೆ ಬೇಕು’ ಎಂಬರ್ಥದ ತಲೆಬರಹದಿಂದ ಬಂಗಾಳಿಯಲ್ಲಿ ಕಿರುಹೊತ್ತಗೆಯನ್ನು ಬರೆದು ಹಂಚಿದರು. ಮಕ್ಕಳಿಗೆ ನಗೆಯ ಪದ್ಯಗಳನ್ನು ಬರೆದ ಸುಕುಮಾರ ರಾಯರು ಅವರ ಜೊತೆಗಾರರು. ತರುಣರ ಪಕ್ಷ ಗೆದ್ದಿತು. ಮಂದಿರದ ಬಾಗಿಲಿಗೆ ಪೋಲೀಸಿನವರು ಬರಲಿಲ್ಲ. ಸಮಾಜವೂ ಈ ಸಲ ಒಡೆಯಲಿಲ್ಲ.