ಗಾಳದ ಎರೆ

ಗಾಳದ ಕೊಕ್ಕೆಯನ್ನು ಮೀನು ಬಾಯಿಗೆ ತೆಗೆದುಕೊಳ್ಳುವಂತೆ ಮಾಡಲು ಅದಕ್ಕೆ ಸಿಕ್ಕಿಸುವ ತಿನಿಸು, ಅಥವಾ ತಿನಿಸಿನಂತೆ ತೋರುವ ವಸ್ತು. ಎರೆಹುಳು, ಸಿಗಡಿ, ಏಡಿ, ಸಣ್ಣ ಮೀನು, ಹಿಟ್ಟಿನ ಉಂಡೆ ಇವು ಸಹಜ ಎರೆಗಳು. ಲೋಹದ ಚಮಚ, ಮರ ಇಲ್ಲವೆ ಗಟ್ಟಿ ಪ್ಲಾಸ್ಟಿಕ್ಕಿನ ಮೀನು, ರಬ್ಬರಿನ ಕಪ್ಪೆ, ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಇವು ಕೃತಕ ಎರೆಗಳು. ಹಿಡಿಯಬೇಕಾದ ಮೀನಿನ ಬಾಯಿಯ ರಚನೆ, ಅದು ಆಹಾರ ಹುಡುಕುವ ಆಳ ಹಾಗೂ ನೀರಿನ ಸ್ಥಿತಿಯನ್ನು ನೋಡಿ ಎರೆಯನ್ನು ಆರಿಸುತ್ತಾರೆ. ಕೊಕ್ಕೆಯನ್ನು ಎರೆಯ ಯಾವ ಭಾಗದಲ್ಲಿ ಕೂರಿಸಲಾಗಿದೆ ಎಂಬುದರ ಮೇಲೆ ನೀರಿನಲ್ಲಿ ಅದರ ಚಲನೆ ನಿಂತಿದೆ.

ಕುಮಾರಧಾರೆ ಮತ್ತು ಅದರ ಮೀನುಗಳು

ಪಶ್ಚಿಮ ಘಟ್ಟದ ಕುಮಾರ ಪರ್ವತದ ಕಡೆಯಿಂದ ಇಳಿಯುವ ಕುಮಾರಧಾರಾ ನದಿ ಸುಬ್ರಹ್ಮಣ್ಯದ ಮಗ್ಗುಲಲ್ಲಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ತುಂಬಿ ಹರಿಯುವ ಈ ಹೊಳೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳುವಾಗುತ್ತದೆ. ಆಗ ಮೀನುಗಳು ‘ಗಯ’ ಎಂದು ಕರೆಯುವ ಆಳದ ಗುಂಡಿಗಳಲ್ಲಿ ಸೇರುತ್ತವೆ. ಇಲ್ಲಿನ ದೊಡ್ಡ ಮೀನು ಟಾರ್ ಕುಲದ ಮಹಶೀರ್, ತುಳುವಿನಲ್ಲಿ ಪೆರುವೊಲು. ಮರದಿಂದ ಉದುರಿದ ಹಣ್ಣು, ಏಡಿ, ಬಸವನಹುಳು, ಕೀಟ, ಸಣ್ಣ ಮೀನು ಎಲ್ಲವನ್ನೂ ತಿನ್ನುವ ಇದರ ದವಡೆಯಲ್ಲಿ ಹಲ್ಲಿಲ್ಲ. ಆಹಾರವನ್ನು ಅರೆಯುವ ಬಲವಾದ ಹಲ್ಲುಗಳಿರುವುದು ಗಂಟಲಿನಲ್ಲಿ. ಗದ್ದೆ, ತೋಡು, ಕೆರೆಗಳ ನಿಂತ ನೀರಿನಲ್ಲಿ ಮುರೆಲ್ ಗುಂಪಿನ ಮೀನುಗಳಿವೆ (ತುಳುವಿನ ಮಡೆಂಜಿ). ಇವು ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತವೆ, ಕಳೆಯ ಮರೆಯಲ್ಲಿ ಹೊಂಚುಹಾಕಿ ಕಪ್ಪೆ, ಸಣ್ಣ ಮೀನುಗಳನ್ನು ಹಿಡಿಯುತ್ತವೆ. ಅವುಗಳ ದವಡೆಯಲ್ಲಿ ಚೂಪಾದ ಹಲ್ಲುಗಳಿವೆ.

ಈ ಪ್ರದೇಶದ ಮೀನುಗಾರಿಕೆ ಕುರಿತ ಆರಂಭದ ಬರಹಗಳು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅವರವು. 1870ರಲ್ಲಿ ಅವರು ಜಿಲ್ಲೆಯ ಮೀನು ಸಾಕಣೆ ಕುರಿತು ವರದಿ ಕೊಟ್ಟರು. ಮಹಶೀರ್‌ಗೆ ಗಾಳ ಹಾಕುವ ಕ್ರಮವನ್ನು ವಿವರಿಸುವ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು.

ಸಹಜ ಎರೆಗಳು

ಬಿದಿರಿನ ಕೋಲು, ನೈಲಾನ್ ದಾರ, ಬೆಂಡು ಮತ್ತು ಒಂದು ಕೊಕ್ಕೆಯ ಊರಿನ ಗಾಳಕ್ಕೆ ಎರೆಹುಳುವೇ ಮುಖ್ಯ ಎರೆ. ತುಳುವಿನಲ್ಲಿ ಇದಕ್ಕೆ ನಕ್ಕುರು ಎನ್ನುತ್ತಾರೆ. ಹುಳುವನ್ನು ಕೊಕ್ಕೆಯ ಉದ್ದಕ್ಕೂ ಪೋಣಿಸಿ ಬಾಲವನ್ನು ಸ್ವಲ್ಪ ಬಿಟ್ಟರೆ ಅದು ಅಲುಗಾಡಿ ಮೀನನ್ನು ಸೆಳೆಯುತ್ತದೆ. ಬಾಲ ಉದ್ದವಾದರೆ ಸಣ್ಣ ಮೀನುಗಳು ಅದನ್ನಷ್ಟೇ ಕಚ್ಚಿಕೊಂಡು ಹೋಗುತ್ತವೆ.

ಕಾವೇರಿಯಲ್ಲಿ ಮಹಶೀರ್‌ಗೆ ಪ್ರಸಿದ್ಧವಾದ ಎರೆ ರಾಗಿ ಹಿಟ್ಟಿನ ಉಂಡೆ. ಹಿಟ್ಟನ್ನು ಕಲಸಿ, ಬೇಯಿಸಿ, ಗಟ್ಟಿಯಾಗಿ ನಾದಿ, ಕೊಕ್ಕೆಯ ಸುತ್ತ ಮೆತ್ತುತ್ತಾರೆ. ಸಣ್ಣ ಮೀನುಗಳು ಕುಕ್ಕಿದರೂ ಬೇಗ ಉದುರದಷ್ಟು ಅದು ಗಟ್ಟಿ ಇರಬೇಕು. ಮೀನು ಕಚ್ಚಿದಾಗ ಕೊಕ್ಕೆಯ ಮೊನೆ ಹೊರಬರುವಷ್ಟು ಮೆದುವೂ ಇರಬೇಕು. ಗಂಟಲಿನ ಹಲ್ಲುಗಳ ಒತ್ತಡಕ್ಕೆ ಸಣ್ಣ ಕೊಕ್ಕೆ ಬಾಗಿಹೋಗುವುದರಿಂದ ದಪ್ಪ ಕಂಬಿಯ ಕೊಕ್ಕೆ ಬಳಸುತ್ತಾರೆ. 1946ರಲ್ಲಿ ಕಾವೇರಿ ಜಲಾನಯನದಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಹಿಡಿದ 120 ಪೌಂಡ್ (ಸುಮಾರು 54 ಕಿಲೋ) ತೂಕದ ಮಹಶೀರ್ ಗಾಳದ ಮೀನುಗಾರಿಕೆಯಲ್ಲಿ ದಾಖಲೆಯಾಗಿ ಉಳಿದಿದೆ. ಕಾವೇರಿಯ ಈ ಡುಬ್ಬದ ಮಹಶೀರ್ (ಟಾರ್ ರೆಮಾದೇವಿ) ಈಗ ತೀವ್ರ ಅಳಿವಿನಂಚಿನಲ್ಲಿದೆ.

ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ

ಎರೆಹುಳುವಿನ ಕೃತಕ ರೂಪವಾಗಿ ಹುಟ್ಟಿದ ಎರೆ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ತಯಾರಿಸಿದರು. 1990ರ ದಶಕದಲ್ಲಿ ಗ್ಯಾರಿ ಯಮಾಮೊಟೊ ಅವರ ‘ಸೆಂಕೊ’ ಬಂದ ಮೇಲೆ, ಬಾಲವೂ ಕಾಲೂ ಇಲ್ಲದ, ಎರಡು ತುದಿ ಸಣ್ಣಗಾದ ನೇರ ಕಡ್ಡಿಯ ರೂಪ ಹರಡಿತು. ಇದನ್ನು ಮುಖ್ಯವಾಗಿ ಉತ್ತರ ಅಮೆರಿಕದ ದೊಡ್ಡಬಾಯಿ ಬ್ಯಾಸ್ ಮೀನಿಗೆ ಬಳಸುತ್ತಾರೆ. ಆ ಮೀನು ಬಾಯಿ ಅಗಲಿಸಿ ನೀರಿನೊಂದಿಗೆ ಬೇಟೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಎರೆ ಮೆದುವಾಗಿದ್ದರೆ ಅದನ್ನು ಕೂಡಲೇ ಉಗುಳದೆ ಕೆಲವು ಕ್ಷಣ ಹಿಡಿದಿರುತ್ತದೆ.

ಕಡ್ಡಿಯನ್ನು ಪಿವಿಸಿ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯಂಥ ರಾಸಾಯನಿಕ ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. ಅದಕ್ಕೆ ಸೇರಿಸುವ ಉಪ್ಪು ತೂಕ ಹೆಚ್ಚಿಸುತ್ತದೆ. ಆದ್ದರಿಂದ ಸೀಸದ ಗುಂಡಿಲ್ಲದೆಯೂ ಕಡ್ಡಿ ಮೈ ನಡುಗಿಸುತ್ತ ನಿಧಾನವಾಗಿ ಮುಳುಗುತ್ತದೆ. ಮೀನು ಕಚ್ಚುವುದು ಬಹುಪಾಲು ಈ ಇಳಿತದಲ್ಲೇ. ಉಪ್ಪು ಹೆಚ್ಚಿದಷ್ಟೂ ಇಳಿತ ವೇಗವಾಗುತ್ತದೆ, ಕಡ್ಡಿ ಬೇಗ ಹರಿಯುತ್ತದೆ.

ಆಯ್ಕೆಯಲ್ಲಿ ಉದ್ದ, ಬಣ್ಣ ಮತ್ತು ಮೆದುತನ ಮುಖ್ಯ. 5 ಅಂಗುಲದ ಕಡ್ಡಿ ಸಾಮಾನ್ಯ ಅಳತೆ. ನೀರು ತಿಳಿಯಾಗಿ ಮೀನು ಅಂಜುವಾಗ 4 ಅಂಗುಲದ್ದು ಮೇಲು. ತಿಳಿನೀರಿಗೆ ಹಸಿರು, ಕಂದು, ಅರೆಪಾರದರ್ಶಕ ಬಣ್ಣಗಳು ಹೊಂದುತ್ತವೆ. ಕದಡಿದ ನೀರಿನಲ್ಲಿ ಕಪ್ಪು ಅಥವಾ ಗಾಢ ಬಣ್ಣದ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

ಜೋಡಣೆಯ ಕ್ರಮಗಳು

ಟೆಕ್ಸಾಸ್ ಜೋಡಣೆ: ಕಳೆ, ಬೇರು, ಮುಳುಗಿದ ಕೊಂಬೆಗಳಿರುವಲ್ಲಿ ಉಪಯುಕ್ತ. ಇದಕ್ಕೆ ಕತ್ತಿನಲ್ಲಿ ಮಡಿಕೆಯಿರುವ ಕೊಕ್ಕೆ ಬೇಕು. 5 ಅಂಗುಲದ ಕಡ್ಡಿಗೆ 3/0 ಅಥವಾ 4/0 ಅಳತೆ ಸಾಕು. ಕೊಕ್ಕೆಯ ಮೊನೆಯನ್ನು ಕಡ್ಡಿಯ ತಲೆಯ ನಡುವಿನಿಂದ ಸುಮಾರು ಕಾಲು ಅಂಗುಲ ಒಳಗೆ ಚುಚ್ಚಿ ಪಕ್ಕದಿಂದ ಹೊರತೆಗೆಯಬೇಕು. ತಲೆ ಕೊಕ್ಕೆಯ ಕಣ್ಣಿನವರೆಗೆ ಸರಿದ ಮೇಲೆ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ, ಕಡ್ಡಿಯ ಪಕ್ಕಕ್ಕಿಟ್ಟು ಬಾಗು ಎಲ್ಲಿ ಬರುತ್ತದೆಂದು ಅಳೆದು, ಅಲ್ಲಿಯೇ ಮೊನೆಯನ್ನು ಅಡ್ಡಲಾಗಿ ದಾಟಿಸಬೇಕು. ಕೊನೆಗೆ ಮೊನೆಯನ್ನು ಮೇಲುಪದರದಡಿ ತುಸುವೇ ಅಡಗಿಸಿದರೆ ಅದು ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಕಡ್ಡಿ ನೇರವಾಗಿ ನಿಂತಿರಬೇಕು. ಸೊಟ್ಟಗಿದ್ದರೆ ಎಳೆಯುವಾಗ ಸುತ್ತಿ ದಾರ ಹುರಿಗೊಳ್ಳುತ್ತದೆ.

ನಡುಗೊಕ್ಕೆ ಜೋಡಣೆ (ವ್ಯಾಕಿ): ಕೊಕ್ಕೆಯನ್ನು ಕಡ್ಡಿಯ ಮಧ್ಯಕ್ಕೆ ಅಡ್ಡಲಾಗಿ ಚುಚ್ಚುತ್ತಾರೆ. ಎರಡು ತುದಿಗಳೂ ಮುಕ್ತವಾಗಿರುವುದರಿಂದ ಇಳಿಯುವಾಗ ಅವು ಬಡಿದುಕೊಳ್ಳುತ್ತವೆ. ಮಧ್ಯಕ್ಕೆ ರಬ್ಬರ್ ಬಳೆ ಹಾಕಿ ಅದರಡಿ ಕೊಕ್ಕೆ ತೂರಿಸಿದರೆ ಕಡ್ಡಿ ಹೆಚ್ಚು ಬಾಳುತ್ತದೆ. ಮೊನೆ ಹೊರಗಿರುವ ಕಾರಣ ತೆರೆದ ನೀರಿಗೆ ಮಾತ್ರ ಸೂಕ್ತ.

ನೆಕೊ ಜೋಡಣೆ: ಮೊಳೆಯಂಥ ತೂಕವನ್ನು ಒಂದು ತುದಿಗೆ ತೂರಿಸಿ ಕೊಕ್ಕೆಯನ್ನು ಮೈಯ ನಡುಭಾಗದಲ್ಲಿ ಚುಚ್ಚುತ್ತಾರೆ. ತೂಕದ ತುದಿ ತಳಕ್ಕೆ ತಾಗಿ ಇನ್ನೊಂದು ತುದಿ ಮೇಲೆದ್ದು ಅಲುಗುತ್ತದೆ. ಹೆಚ್ಚಿನ ಆಳದಲ್ಲಿ ಎರೆ ಬೇಗ ತಳ ಮುಟ್ಟಬೇಕಾದಾಗ ಇದನ್ನು ಬಳಸುತ್ತಾರೆ.

ಕರ್ನಾಟಕದ ಮೀನುಗಳಿಗೆ

ಬ್ಯಾಸ್ ಮೀನಿಗೆ ಹೊಂದಿದ ಕಡ್ಡಿ ಇಲ್ಲಿ ಹಾಗೆಯೇ ಹೊಂದುವುದಿಲ್ಲ. ಮುರೆಲ್‌ಗಳ ಹಲ್ಲಿಗೆ ಉಪ್ಪು ತುಂಬಿದ ಕಡ್ಡಿ ಬೇಗ ಹರಿದುಹೋಗುತ್ತದೆ. ಹಾಗಾಗಿ ಅವುಗಳಿಗೆ ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ ಹೆಚ್ಚು ಬಳಕೆಯಲ್ಲಿದೆ: ಅದರ ಜೋಡಿ ಕೊಕ್ಕೆ ಬೆನ್ನಿಗೆ ಒತ್ತಿಕೊಂಡಿರುತ್ತದೆ, ಮೀನು ಕಚ್ಚಿದಾಗ ಮೈ ಅಮುಕಿ ಮೊನೆಗಳು ಹೊರಬರುತ್ತವೆ. ಮಹಶೀರ್‌ಗೆ ಸೆಳವಿನಲ್ಲಿ ಮಿಂಚುವ ಲೋಹದ ಚಮಚ ಹಾಗೂ ಗಟ್ಟಿ ಮೀನಿನಾಕಾರದ ಎರೆಗಳನ್ನು ಬಳಸುತ್ತ ಬಂದಿದ್ದಾರೆ. ಮುರೆಲ್ ಜೋಡಿಗಳು ಮರಿಗಳ ಹಿಂಡನ್ನು ಕಾಯುತ್ತ ಹತ್ತಿರ ಬಂದ ಯಾವ ಎರೆಯ ಮೇಲೂ ಎರಗುತ್ತವೆ. ಆಗ ತಾಯಿ ತಂದೆಯನ್ನು ಹಿಡಿದರೆ ಮರಿಗಳು ಬೇರೆ ಮೀನುಗಳಿಗೆ ಆಹಾರವಾಗುತ್ತವೆ.

ನಿರ್ಬಂಧಗಳು

ಸುಬ್ರಹ್ಮಣ್ಯದ ಸ್ನಾನಘಟ್ಟ, ಸುಳ್ಯ ತಾಲೂಕಿನ ತೊಡಿಕಾನ, ಬೆಳ್ತಂಗಡಿ ತಾಲೂಕಿನ ಶಿಶಿಲ ಮುಂತಾದ ಕ್ಷೇತ್ರಗಳಲ್ಲಿ ಮಹಶೀರ್‌ಗಳು ದೇವರ ಮೀನುಗಳು. ಭಕ್ತರು ಹಾಕುವ ಅಕ್ಕಿ, ಅರಳಿಗೆ ಒಗ್ಗಿದ ಈ ಮೀನುಗಳು ಯಾವ ಎರೆಗಾದರೂ ಸುಲಭವಾಗಿ ಬರುತ್ತವೆ. ಅವುಗಳಿಗೆ ಗಾಳ ಹಾಕುವುದು ನಿಷಿದ್ಧ. ಕಾವೇರಿ ವನ್ಯಜೀವಿ ಧಾಮದೊಳಗೂ ಹಿಂದೆ ನಡೆಯುತ್ತಿದ್ದ ಗಾಳದ ಕ್ರೀಡೆಯನ್ನು ನಿಲ್ಲಿಸಲಾಗಿದೆ. ಬೇರೆಡೆ ಒಳನಾಡು ಮೀನುಗಾರಿಕೆಯನ್ನು 1996ರ ರಾಜ್ಯ ಅಧಿನಿಯಮ ನಿಯಂತ್ರಿಸುತ್ತದೆ. ಹೊಳೆಗೆ ವಿಷ ಬೆರೆಸುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು.

ಪ್ಲಾಸ್ಟಿಕ್ ಕಡ್ಡಿಗಳು ನೀರಿನಲ್ಲಿ ಕೊಳೆಯುವುದಿಲ್ಲ. ನುಂಗಿದ ಮೀನಿನ ಹೊಟ್ಟೆಯಲ್ಲಿ ಉಬ್ಬಿ ಜೀರ್ಣಾಂಗವನ್ನು ಕಟ್ಟಬಲ್ಲವು. ಹರಿದ ತುಂಡುಗಳನ್ನು ದಡದಲ್ಲಿ ಬಿಡದೆ ಒಯ್ಯಬೇಕು. ಬಳಸದ ಕಡ್ಡಿಗಳನ್ನು ಬಿಸಿಲಿನಿಂದ ದೂರ, ಮೂಲ ಚೀಲದಲ್ಲಿಯೇ ಇಡುವುದು ಕ್ರಮ. ಅವುಗಳಲ್ಲಿನ ರಾಸಾಯನಿಕ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೂ ಎರೆಗಳನ್ನೂ ಕರಗಿಸುತ್ತದೆ.