"ತಡೀ, ಡಾಕ್ಟರು ಬರಲಿ"

ಮಗಳು ಹೆರಿಗೆಗೆ ಅಂತ ನಮ್ಮ ಡೊಂಬಿವಲಿ ಮನೆಗೆ ಬಂದಿದ್ದಾಗಿನ ಮಾತು. ಒಂದು ರಾತ್ರಿ ಊಟವಾದ ಮೇಲೆ ಅಮ್ಮನನ್ನು ನೇರವಾಗಿ ಕೇಳಿಬಿಟ್ಟಳು. "ಅಮ್ಮಾ, ಕೊನೇಲಿ ಪುಶ್ ಮಾಡು ಅಂತಾರಲ್ಲ, ಆಗ ಹೇಗನ್ಸುತ್ತೆ?" ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಕಿವಿ ಮಾತ್ರ ಅಲ್ಲೇ ಇತ್ತು.

"ನೋವು ಅನ್ನೋದು ಅದಕ್ಕೆ ಮುಂಚಿನದು ಕಣೇ," ಅಂದಳು ನನ್ನ ಹೆಂಡತಿ. "ಇದು ಬೇರೆ. ಸೀನು ಬಂದಾಗ ತಡೆಯೋಕಾಗುತ್ತಾ? ಹಾಗೆ. ನಾವು ತಿಣುಕೋದಲ್ಲ, ಮೈಯೇ ತಿಣುಕುತ್ತೆ. ತಿಣುಕಿದ್ರೆ ಒಂಥರಾ ಹಾಯೆನ್ಸುತ್ತೆ. ಮಧ್ಯೆ ಮಧ್ಯೆ ನಿದ್ದೆ ಬೇರೆ ಎಳೆಯುತ್ತೆ. ಕಡೇಲಿ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ, ಆಮೇಲೆ ಎಲ್ಲಾ ಖಾಲಿ. ನಾನು ನರ್ಸಿಗೆ ಕಕ್ಕಸಿಗೆ ಹೋಗ್ಬೇಕು ಅಂದೆ, ಬೈದ್ರು. ಆಮೇಲೆ, ತಡೀ, ಡಾಕ್ಟರು ಬರಲಿ, ಅಂದ್ರು. ಅದೇ ನನಗೆ ಇವತ್ತಿಗೂ ಮರೆಯೋಕಾಗದ್ದು."

1997ರಲ್ಲಿ ಆ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವನು ನಾನೇ. ಅಂದಿನಿಂದ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬಿ.ಕಾಂ ಓದಿ ಬ್ಯಾಂಕು ಸೇರಿದವನಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ಕೇಳಿ ಪರವಾಗಿಲ್ಲ. ಆ "ತಡೀ" ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ, ಅಷ್ಟೆ.

ಮೊದಲು ದೇಹದ ಲೆಕ್ಕ. ಗರ್ಭಕೋಶದ ಬಾಯಿ ಪೂರ್ತಿ, ಅಂದರೆ ಸುಮಾರು 10 ಸೆಂಟಿಮೀಟರ್ ತೆರೆದಲ್ಲಿಂದ ಮಗು ಹುಟ್ಟುವವರೆಗಿನದನ್ನು ಹೆರಿಗೆಯ ಎರಡನೇ ಹಂತ ಅಂತಾರೆ. ಕೆಳಗಿಳಿದ ತಲೆ ಮಲದ್ವಾರದ ಕಡೆ ಒತ್ತುತ್ತದೆ. ಕಕ್ಕಸಿನ ನೆನಪಾಗುವುದು ಅದಕ್ಕೇ, ಬೈಯುವಂಥದ್ದೇನೂ ಇಲ್ಲ. ಈ ಒತ್ತಡದ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗಿ ಆಕ್ಸಿಟೋಸಿನ್ ಸುರಿಯುತ್ತದೆ, ಗರ್ಭಕೋಶ ಇನ್ನೂ ಬಿಗಿಯುತ್ತದೆ, ಒತ್ತಡ ಇನ್ನೂ ಏರುತ್ತದೆ. 1941ರಲ್ಲಿ ಕೆನಡಾದ ಫರ್ಗುಸನ್ ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರು. ನಮ್ಮ ಭಾಷೆಯಲ್ಲಿ ಚಕ್ರಬಡ್ಡಿ ಅನ್ನಿ. ಒಮ್ಮೆ ಶುರುವಾದ ಮೇಲೆ ತಡೀ ಅಂದರೆ ಹೇಗೆ ತಡೆದೀತು?

ಹಳೇ ಕಾಲದಲ್ಲಿ ಹೆಂಗಸರು ಕುಕ್ಕರಗಾಲಲ್ಲೋ ಮಂಡಿಯೂರಿಯೋ ಪೀಠದ ಮೇಲೆ ಕೂತೋ ಹೆರುತ್ತಿದ್ದರು. ಎರಡನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಹೆರಿಗೆ ಕುರ್ಚಿಯನ್ನು ವರ್ಣಿಸಿದ್ದಾನೆ. 1513ರಲ್ಲಿ ಜರ್ಮನ್ ವೈದ್ಯ ರೋಸ್ಲಿನ್ ಸೂಲಗಿತ್ತಿಯರಿಗೆಂದು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅದರ ಚಿತ್ರವೇ ಇದೆ. ಮಲಗಿಸುವ ಪದ್ಧತಿಗೆ ಒತ್ತುಕೊಟ್ಟವನು ಫ್ರಾನ್ಸಿನ ಮೊರಿಸೋ, 1668ರ ತನ್ನ ಪುಸ್ತಕದಲ್ಲಿ. ಆಗ ಗಂಡು ವೈದ್ಯರು ಈ ಕೆಲಸಕ್ಕೆ ಬರತೊಡಗಿದ್ದರು. ಮಲಗಿದ್ದರೆ ಅವರಿಗೆ ನೋಡಲು, ಕೈಹಾಕಲು ಸಲೀಸು.

ಹಾಗಂತ ಹಿಂದಿನದೆಲ್ಲಾ ಬಂಗಾರ ಅಂತ ಹಾಡುವವನಲ್ಲ ನಾನು. ತಿಣುಕಿದರೂ ಮಗು ಇಳಿಯದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಇಂಗ್ಲೆಂಡಿನ ಅರಮನೆಯ ಕಥೆಯೇ ಸಾಕು. 1817ರ ನವೆಂಬರಿನಲ್ಲಿ ರಾಜಕುಮಾರಿ ಶಾರ್ಲೆಟ್ 50 ಗಂಟೆ ಬೇನೆ ತಿಂದಳು. ಅದರಲ್ಲಿ ಈ ಎರಡನೇ ಹಂತವೇ 24 ಗಂಟೆ! ಇಕ್ಕಳ ಹಾಕಿ ಮಗುವನ್ನು ಎಳೆಯುವ ವಿದ್ಯೆ ಆಗ ಇಂಗ್ಲೆಂಡಿಗೆ ಹೊಸದೇನಲ್ಲ, ಚೇಂಬರ್ಲೆನ್ ಮನೆತನದವರು ತಲೆಮಾರುಗಟ್ಟಲೆ ಅದನ್ನು ಗುಟ್ಟಾಗಿಟ್ಟು ದುಡ್ಡು ಮಾಡಿದ್ದರು. ಆದರೆ ಪ್ರಕೃತಿಗೇ ಬಿಡಬೇಕು ಅನ್ನುವ ಅಂದಿನ ಮತದ ವೈದ್ಯ ರಿಚರ್ಡ್ ಕ್ರಾಫ್ಟ್ ಇಕ್ಕಳ ಮುಟ್ಟಲಿಲ್ಲ. ಗಂಡುಮಗು ಸತ್ತೇ ಹುಟ್ಟಿತು. ಕೆಲವೇ ಗಂಟೆಗಳಲ್ಲಿ ತಾಯಿಯೂ ಹೋದಳು. ಮುಂದಿನ ವರ್ಷ ಇನ್ನೊಬ್ಬಳ ಹೆರಿಗೆಗೆ ಹೋಗಿದ್ದಾಗ ಕ್ರಾಫ್ಟ್ ತನಗೆ ತಾನೇ ಗುಂಡು ಹೊಡೆದುಕೊಂಡ.

ಶಾರ್ಲೆಟ್ ಸತ್ತು ಸಿಂಹಾಸನಕ್ಕೆ ವಾರಸುದಾರರಿಲ್ಲದಂತಾಗಿ ಅವಳ ಚಿಕ್ಕಪ್ಪಂದಿರು ಗಡಿಬಿಡಿಯಲ್ಲಿ ಮದುವೆಯಾದರು. ಆ ಗಡಿಬಿಡಿಯ ಫಲವೇ 1819ರಲ್ಲಿ ಹುಟ್ಟಿದ ವಿಕ್ಟೋರಿಯಾ. ಅವಳೇ 1853ರ ಏಪ್ರಿಲ್ 7ರಂದು ಎಂಟನೇ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡಳು. ಕರವಸ್ತ್ರದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ 53 ನಿಮಿಷ ಮೂಸಿಸಿದವನು ಡಾಕ್ಟರ್ ಜಾನ್ ಸ್ನೋ, ಮುಂದೆ ಕಾಲರಾ ನೀರಿನಿಂದ ಬರುತ್ತೆ ಅಂತ ತೋರಿಸಿ ಹೆಸರಾದವನೇ. ರಾಣಿಗೆ ಎಚ್ಚರ ತಪ್ಪಲಿಲ್ಲ, ನೋವು ಮಾತ್ರ ತಗ್ಗಿತು. ದಿನಚರಿಯಲ್ಲಿ ಮನಸಾರೆ ಹೊಗಳಿಕೊಂಡಳು. ಹೆರಿಗೆ ನೋವು ದೇವರು ಕೊಟ್ಟಿದ್ದು, ತಪ್ಪಿಸಬಾರದು ಅನ್ನುತ್ತಿದ್ದವರು ರಾಣಿಗೇನು ಹೇಳಿಯಾರು ಪಾಪ!

ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಇದರ ಮುಂದಿನ ಅಧ್ಯಾಯ. ಜರ್ಮನಿಯ ಫ್ರೈಬುರ್ಗಿನಲ್ಲಿ ಕ್ರೋನಿಗ್ ಮತ್ತು ಗೌಸ್ ಎಂಬಿಬ್ಬರು ವೈದ್ಯರು 1906ರ ಹೊತ್ತಿಗೆ ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಬೆರೆಸಿ ಕೊಡುವ ಕ್ರಮವನ್ನು ರೂಢಿಗೆ ತಂದರು. ಅದರ ಹೆಸರು ಮಬ್ಬುನಿದ್ದೆ. ನಿದ್ದೆ ಅನ್ನುವುದು ಹೆಸರಿಗಷ್ಟೆ. ನೋವು ಪೂರ್ತಿ ಹೋಗುತ್ತಿರಲಿಲ್ಲ, ಹೋಗುತ್ತಿದ್ದದ್ದು ನೆನಪು. ಹೆಂಗಸು ಕಿರುಚುತ್ತಾಳೆ, ಹೊರಳಾಡುತ್ತಾಳೆ. ಎಚ್ಚರವಾದಾಗ ಪಕ್ಕದಲ್ಲಿ ಮಗು, ತಲೆಯಲ್ಲಿ ಏನೂ ಇಲ್ಲ. ಇದು ನಮಗೂ ಬೇಕು ಅಂತ 1914ರಲ್ಲಿ ಅಮೆರಿಕದ ಹೆಂಗಸರೇ ಸಂಘ ಕಟ್ಟಿ ಚಳವಳಿ ಮಾಡಿದರು. ಅವರನ್ನು ದೂರುವುದು ಹೇಗೆ? ಒಮ್ಮೆ ಅನುಭವಿಸಿ ಹೆದರಿದವರು ಅವರು. ಮುಂದಾಳುಗಳಲ್ಲಿ ಒಬ್ಬಳಾದ ಕಾರ್ಮೊಡಿ ಮರುವರ್ಷ ಹೆರಿಗೆಯಲ್ಲೇ ತೀರಿಕೊಂಡಳು. ಕಾರಣ ಆ ಮದ್ದಲ್ಲ ಅಂತ ಅವಳ ಗಂಡನೂ ವೈದ್ಯರೂ ಹೇಳಿದರು. ಚಳವಳಿ ತಣ್ಣಗಾಯಿತು, ಮದ್ದು ಉಳಿಯಿತು.

1958ರಲ್ಲಿ ಅಮೆರಿಕದ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ ಓದುಗರ ಪತ್ರಗಳನ್ನು ಅಚ್ಚು ಮಾಡಿತು. ಒಬ್ಬ ನರ್ಸ್ ಬರೆದ ದೂರಿಗೆ ಬಂದ ಉತ್ತರಗಳು ಅವು. ಕೈಕಾಲು ಪಟ್ಟಿಯಲ್ಲಿ ಬಿಗಿದು ಗಂಟೆಗಟ್ಟಲೆ ಮಲಗಿಸಿದ್ದು, ವೈದ್ಯರು ಬರುವವರೆಗೆ ಮಗು ಹೊರಬರದಂತೆ ಕಾಲೆರಡನ್ನೂ ಸೇರಿಸಿ ಕಟ್ಟಿದ್ದು... ಓದುತ್ತಾ ಓದುತ್ತಾ ನಿಲ್ಲಿಸಿದೆ. ಬೆಂಚಿನ ಮೇಲೆ ಕೂತಿದ್ದ ನನಗೆ ಒಳಗಿನ "ತಡೀ" ಕೇಳಿಸಿರಲಿಲ್ಲ. ಕೇಳಿಸಿದ್ದರೂ ಎದ್ದು ಹೋಗಿ ಮಾತಾಡುತ್ತಿದ್ದೆನೋ ಇಲ್ಲವೋ.

ಇದಕ್ಕೆ ಎದುರಾಗಿ ಬಂದವರೂ ಇದ್ದರು. ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ ಅಂತ ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲೇ ಬರೆದ. ರಷ್ಯಾಕ್ಕೆ ಹೋಗಿ ನೋಡಿಬಂದ ಲಾಮಾಜ್ 1952ರಿಂದ ಪ್ಯಾರಿಸಿನ ಲೋಹ ಕಾರ್ಮಿಕರ ಆಸ್ಪತ್ರೆಯಲ್ಲಿ ಉಸಿರಾಟದ ಪಾಠ ಶುರುಮಾಡಿದ. ಇಬ್ಬರೂ ಗಂಡಸರೇ ಅನ್ನಿ!

ಇನ್ನು ನಮ್ಮ ಕಡೆಯ ಪಾವಗಡದ ಸೂಲಗಿತ್ತಿ ನರಸಮ್ಮ. ಅಜ್ಜಿಯಿಂದ ಕಲಿತು, ಕಾಸಿಲ್ಲದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸಾವಿರಾರು ತಾಯಂದಿರನ್ನು ಯಾರಾದರೂ ಕೂರಿಸಿಕೊಂಡು, ಆಗ ಹೇಗನ್ನಿಸಿತು ಅಂತ ಕೇಳಿ ಬರೆದಿಟ್ಟಿದ್ದರೆ!

ಅದೇ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸಿನಲ್ಲಿ, ಎರಡನೇ ಹಂತದಲ್ಲಿ ತಾಯಿ ತನ್ನೊಳಗಿನ ಒತ್ತಡ ಹೇಳಿದಂತೆಯೇ ತಿಣುಕಲಿ, ಕೂರುವುದೋ ನಿಲ್ಲುವುದೋ ಮಲಗುವುದೋ ಅವಳ ಇಷ್ಟ ಅಂದಿತು. ಚೊಚ್ಚಲಾದರೆ ಈ ಹಂತ ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಮುಗಿಯುತ್ತದೆ ಅಂತಲೂ ಹೇಳಿತು.

ಮಗಳಿಗೆ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಬೆನ್ನಿಗೆ ಇಂಜೆಕ್ಷನ್ ಬೇಡ ಅಂದಳಂತೆ, ಅಳಿಯನೂ ಒಳಗಿದ್ದ. ಮನೆಗೆ ಬಂದ ಮೂರನೇ ದಿನ ಅಮ್ಮನಿಗೆ ಹೇಳುತ್ತಿದ್ದಳು, "ನೀನಂದಿದ್ದು ನಿಜ, ಸೀನಿನ ಹಾಗೇನೇ." ಉರಿ ಮಾತ್ರ ಮೆಣಸಿನಕಾಯಿಗಿಂತ ಜಾಸ್ತಿಯಂತೆ.

"ತಡೀ ಅಂದ್ರಾ ಯಾರಾದ್ರೂ?" ನನ್ನ ಹೆಂಡತಿ ಕೇಳಿದಳು.

"ಇಲ್ವಲ್ಲ, ಯಾಕೆ?"

ಇವಳು ಏನೂ ಹೇಳದೆ ಮಗುವಿನ ಬಟ್ಟೆ ಮಡಚುತ್ತಾ ಕೂತಳು.